ಪಿಲ್ಲಗುಂಪೆ ಹುಡುಗ ಹಾಸಿಗೆ ಒದ್ದೆ ಮಾಡಿದರೆ ನಿಮ್ಹಾನ್ಸ್‌ಗೇ ಹೋಗಬೇಕೆ?

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಟೀ ಅಂಗಡಿ ಮುಂದೆ ನಿಂತರೆ ಸಾಕು, ಊರಿನ ಕಷ್ಟಸುಖವೆಲ್ಲ ಕಿವಿಗೆ ಬೀಳುತ್ತೆ. ಸೈಟಿನ ರೇಟು, ಬಸ್ಸಿನ ನೂಕುನುಗ್ಗಲು, ಓವರ್‌ಟೈಮ್ ಬಾಕಿ, ಬೋರ್‌ವೆಲ್ ಒಣಗಿದ್ದು. ಕಳೆದ ವಾರ ನನ್ನ ಕಿವಿಗೆ ಬಿದ್ದದ್ದು ಬೇರೆ ಮಾತು.

ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಒಬ್ಬ ತಾಯಿ. ಹೆಸರು ಬರೀಬೇಡಿ ಅಂದರು, ಬರೆಯುವುದಿಲ್ಲ. ಮಗನಿಗೆ ಒಂಬತ್ತು ವರ್ಷ. ಮೂರು ತಿಂಗಳಿಂದ ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ. ಬೆಳಿಗ್ಗೆ ಸ್ಕೂಲಿಗೆ ಹೊರಡೋ ಹೊತ್ತಿಗೆ ಹೊಟ್ಟೆನೋವು ಅಂತ ಮುದುರಿ ಕೂರ್ತಾನೆ. ಭಾನುವಾರ ಹೊಟ್ಟೆನೋವು ಇಲ್ಲ. ಡಾಕ್ಟರಿಗೆ ತೋರಿಸಿದರು, ಹುಳದ ಮಾತ್ರೆ ಕೊಟ್ಟರು, ಸಿರಪ್ಪು ಬರೆದರು. ಅಜ್ಜಿ ತಾಯತ ಕಟ್ಟಿಸಿದರು. ಅಪ್ಪ ಕೆನ್ನೆಗೆ ಎರಡು ಬಿಟ್ಟರು. ಕೊನೆಗೆ ಮೇಷ್ಟ್ರೊಬ್ಬರು, ಒಳ್ಳೇ ಮನಸ್ಸಿನಿಂದಲೇ, "ಒಂದ್ಸಲ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಮ್ಮ" ಅಂದರು.

ಆಯಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣಾ, ನೀವು ಪೇಪರ್ನೋರು, ನಿಮಗೆ ಗೊತ್ತಿರ್ತದೆ. ನನ್ ಮಗನಿಗೆ ಹುಚ್ಚು ಹಿಡಿದೈತಾ?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಪೇಪರಿನವನಲ್ಲ. ಸಿರಪ್ಪು ಬರೆದುಕೊಟ್ಟ ಅದೇ ಕೊಠಡಿಯಲ್ಲಿ, ಅದೇ ದಿನ ಆಯಮ್ಮನಿಗೆ ಉತ್ತರ ಸಿಗಬೇಕಿತ್ತು. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅನ್ನೋದೇ ಇವತ್ತಿನ ವಿಷಯ.

ಎಂಟು ಮಕ್ಕಳಲ್ಲಿ ಒಂದು

ಮೊದಲು ಲೆಕ್ಕ ನೋಡೋಣ. ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲ ಹಳ್ಳಿ, ಈ ಮೂರೂ ಕಡೆಯ 16 ವರ್ಷದೊಳಗಿನ 2064 ಮಕ್ಕಳನ್ನು ತಜ್ಞರು ಪರೀಕ್ಷೆ ಮಾಡಿ 2005ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ಹನ್ನೆರಡೂವರೆ ಮಕ್ಕಳಲ್ಲಿ ಮನಸ್ಸಿಗೆ, ನಡವಳಿಕೆಗೆ ಅಥವಾ ಬೆಳವಣಿಗೆಗೆ ಸಂಬಂಧಪಟ್ಟ ಒಂದಲ್ಲ ಒಂದು ತೊಂದರೆ ಕಂಡಿತು. ಅಂದರೆ ಎಂಟು ಮಕ್ಕಳಲ್ಲಿ ಒಂದು. ಹಳ್ಳಿ ಮಕ್ಕಳಿಗೂ ಪೇಟೆ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಏನು ತೊಂದರೆಗಳು ಗೊತ್ತೇ? ನಾಲ್ಕು ವರ್ಷ ದಾಟಿದವರಲ್ಲಿ ಹಾಸಿಗೆ ಒದ್ದೆ ಮಾಡೋದು, ಯಾವುದೋ ಒಂದಕ್ಕೆ ವಿಪರೀತ ಹೆದರೋದು, ಒಂದು ಕಡೆ ಕೂರಲಾರದ ಚಡಪಡಿಕೆ, ತೊದಲು ಮಾತು, ಹೇಳಿದ್ದಕ್ಕೆಲ್ಲ ಎದುರು ನಿಲ್ಲೋದು. ಮೂರು ವರ್ಷದ ಒಳಗಿನವರಲ್ಲಿ ಅತ್ತು ಅತ್ತು ಉಸಿರು ಕಟ್ಟೋದು, ಮಣ್ಣು ತಿನ್ನೋದು, ಮಾತು ತಡವಾಗೋದು. ಇವೆಲ್ಲ ನಮ್ಮ ನಿಮ್ಮ ಮನೆಯ ಪಡಸಾಲೆಯಲ್ಲಿ ನಡೆಯೋ ಸಂಗತಿಗಳೇ. ಪಿಲ್ಲಗುಂಪೆ ಹುಡುಗನ ತೊಂದರೆ ಪಟ್ಟಿಯ ಮೊದಲಲ್ಲೇ ಇದೆ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ತಮ್ಮ ಮಗುವಿಗೆ ಏನೋ ತೊಂದರೆ ಇದೆ ಅಂತ ಗುರುತಿಸಿದ ಮನೆಯವರು ನೂರಕ್ಕೆ 37.5 ಮಾತ್ರ. ಮಿಕ್ಕವರ ಮನೆಯಲ್ಲಿ ಅದಕ್ಕೆ ಹಠಮಾರಿತನ, ಸೋಮಾರಿತನ, ದೃಷ್ಟಿ, ಬಾಲಗ್ರಹ ಅಂತ ಹೆಸರು ಬಿದ್ದಿರುತ್ತೆ. ಮುಂದೆ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡಿತು. ನೂರು ಜನ ಕೂರುವ ಹೈಸ್ಕೂಲಿನ ಹಾಲ್‌ನಲ್ಲಿ ಏಳು ಮಂದಿ ಅಂತ ಲೆಕ್ಕ ಹಾಕಿಕೊಳ್ಳಿ.

ಮೈಯೂ ಮನಸ್ಸೂ ಒಂದೇ ಚೀಟಿ

"ಮನಸ್ಸಿನ ವಿಷಯ ಮನೋವೈದ್ಯರು ನೋಡ್ಲಿ, ಜ್ವರ ಕೆಮ್ಮು ನೋಡೋ ಡಾಕ್ಟರಿಗೆ ಯಾಕೆ ಸ್ವಾಮಿ?" ಅಂತ ಕೇಳೋರುಂಟು. ದೊಡ್ಡವರ ವಿಷಯದಲ್ಲಿ ಈ ಮಾತು ಅಷ್ಟೋ ಇಷ್ಟೋ ನಡೆದೀತು. ಮಕ್ಕಳಲ್ಲಿ ನಡೆಯೋದಿಲ್ಲ.

ಉಸಿರು ಕಟ್ಟೋ ಮಗುವನ್ನೇ ತಗೊಳ್ಳಿ. ಬಿದ್ದು ಅಳ್ತಾ ಅಳ್ತಾ ಮುಖ ನೀಲಿಯಾಗಿ ಕ್ಷಣಕಾಲ ಮೈ ಸೆಟೆದುಕೊಳ್ಳುತ್ತೆ. ಮನೆಯವರ ಜೀವ ಬಾಯಿಗೆ ಬರುತ್ತೆ. ಬಹುಪಾಲು ಮಕ್ಕಳಿಗೆ ವಯಸ್ಸು ಬರ್ತಾ ಬರ್ತಾ ಇದು ತಾನೇ ಬಿಟ್ಟುಹೋಗುತ್ತೆ. ಆದರೆ ಇಂಥ ಎಷ್ಟೋ ಮಕ್ಕಳಿಗೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರುತ್ತೆ. ಕಬ್ಬಿಣದ ಸಿರಪ್ಪು ಕೊಟ್ಟರೆ ಕಮ್ಮಿಯಾಗುತ್ತೆ. ಮಣ್ಣು ತಿನ್ನೋ ಮಗುವಿನದೂ ಎಷ್ಟೋ ಸಲ ಇದೇ ಕಥೆ. ಇದು ಮೈ ಕಾಯಿಲೆಯೋ ಮನಸ್ಸಿನದೋ ಅಂತ ಗೆರೆ ಎಳೆಯೋಕೆ ಹೋದರೆ ಮಗು ನಡುವೆ ಸಿಕ್ಕಿಕೊಳ್ಳುತ್ತೆ.

ಹಾಸಿಗೆ ಒದ್ದೆ ಮಾಡೋದೂ ಹಾಗೇ. ಐದು ವರ್ಷದವರೆಗೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವರ್ಷಗಟ್ಟಲೆ ಒಣಗಿದ ಹಾಸಿಗೆಯಲ್ಲಿ ಎದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಶುರುಮಾಡಿದರೆ ಮಾತ್ರ ಡಾಕ್ಟರು ಎರಡು ಕಡೆ ನೋಡಬೇಕು. ಮೂತ್ರದಲ್ಲಿ ಸೋಂಕು ಇದೆಯೋ, ಸಕ್ಕರೆ ಕಾಯಿಲೆಯೋ, ಮಲಬದ್ಧತೆಯೋ ಅಂತ ಪರೀಕ್ಷೆ ಮಾಡಿಸಬೇಕು. ಜೊತೆಗೆ ಮನೆಯಲ್ಲಿ, ಸ್ಕೂಲಲ್ಲಿ ಏನಾದ್ರೂ ಆಯ್ತಾ ಅಂತ ಕೇಳಬೇಕು. ಎರಡೂ ಒಬ್ಬರೇ ಮಾಡಬೇಕಾದ ಕೆಲಸ, ಒಂದೇ ಮೇಜಿನ ಮೇಲೆ.

ಇನ್ನೊಂದು ಕಾರಣ ಬಹಳ ಸರಳ. ಜನ ಅಲ್ಲಿಗೆ ಹೋಗ್ತಾರೆ. ಲಸಿಕೆಗೆ ಹೋಗ್ತಾರೆ, ಜ್ವರಕ್ಕೆ ಹೋಗ್ತಾರೆ, ಭೇದಿಗೆ ಹೋಗ್ತಾರೆ. ಮಕ್ಕಳ ಡಾಕ್ಟರ ಬಾಗಿಲಲ್ಲಿ ನಿಂತರೆ ಯಾರೂ ತಿರುಗಿ ನೋಡೋದಿಲ್ಲ. ನಿಮ್ಹಾನ್ಸ್ ಗೇಟಿನ ಮುಂದೆ ನಿಂತರೆ ನೆಂಟರು ಫೋನ್ ಮಾಡ್ತಾರೆ. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅದಕ್ಕೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ನರರೋಗಕ್ಕೂ ಮೆದುಳಿನ ಆಪರೇಷನ್ನಿಗೂ ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರ್ತಾರೆ. ಆದರೂ ನಮ್ಮ ಕಡೆ ಹಳಬರ ಬಾಯಲ್ಲಿ ಅದು ಇನ್ನೂ "ಹುಚ್ಚಾಸ್ಪತ್ರೆ"ಯೇ. ಈ ಒಂದು ಪದ ಎಷ್ಟು ಮಕ್ಕಳ ದಾರಿಗೆ ಅಡ್ಡ ನಿಂತಿದೆಯೋ ದೇವರಿಗೇ ಗೊತ್ತು.

ದಾರಿಯ ಕಷ್ಟವೂ ಇದೆ. ಪಿಲ್ಲಗುಂಪೆಯಿಂದ ಹೊಸಕೋಟೆ, ಅಲ್ಲಿಂದ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ಜಾಮ್, ಮತ್ತೆ ಬಸ್ಸು ಬದಲಾಯಿಸಿ ಹೊಸೂರು ರಸ್ತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಕಾಸಿಲ್ಲ, ಸರಿ. ಆದರೆ ಒಂದು ದಿನದ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡೋದಿಲ್ಲ. ಮುಂದಿನ ತಿಂಗಳು ಮತ್ತೆ ಬನ್ನಿ ಅಂದರೆ ಇನ್ನೊಂದು ಕೂಲಿ ಹೋಯ್ತು. ಮೂರನೇ ಸಲ ಯಾರೂ ಹೋಗೋದಿಲ್ಲ.

ದಾರಿ ತೋರಿಸಿದ್ದು ನಮ್ಮವರೇ

ವಿಚಿತ್ರ ಏನಂದರೆ, ಇದಕ್ಕೆ ದಾರಿಯನ್ನು ಕರ್ನಾಟಕದಲ್ಲೇ ಕಂಡುಹಿಡಿದಿದ್ದಾರೆ, ಅದೂ ಹೆಚ್ಚುಕಡಿಮೆ ಐವತ್ತು ವರ್ಷದ ಹಿಂದೆ. 1975ರಲ್ಲಿ ನಿಮ್ಹಾನ್ಸ್ ಸಮುದಾಯ ಮನೋವೈದ್ಯ ಘಟಕ ಶುರುಮಾಡಿತು. ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಸಣ್ಣ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯನ್ನು ಊರಲ್ಲೇ ಗುರುತಿಸಬಹುದು, ಅಲ್ಲೇ ನೋಡಬಹುದು ಅಂತ ತೋರಿಸಿಕೊಟ್ಟರು.

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಅದೇ ದಶಕದಲ್ಲಿ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಈ ಪದ್ಧತಿಯನ್ನು ಹಬ್ಬಿಸಿ ನೋಡಿದರು. ಡಾಕ್ಟರಿಗೆ ತರಬೇತಿ, ಪಿ.ಎಚ್.ಸಿ.ಯಲ್ಲೇ ಮಾತ್ರೆ, ಜಿಲ್ಲೆಗೊಂದು ತಜ್ಞರ ತಂಡ. ದೇಶದಲ್ಲೆಲ್ಲ ಅದಕ್ಕೆ "ಬಳ್ಳಾರಿ ಮಾದರಿ" ಅಂತಲೇ ಹೆಸರಾಯ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ.

ಆದರೆ ಆ ಕೆಲಸದಲ್ಲಿ ಮೊದಲ ಕಣ್ಣು ಹೋದದ್ದು ದೊಡ್ಡವರ ತೀವ್ರ ಕಾಯಿಲೆಗಳ ಕಡೆಗೆ, ಮೂರ್ಛೆ ರೋಗದ ಕಡೆಗೆ. ಅದು ತಪ್ಪಲ್ಲ. ಸರಪಳಿ ಹಾಕಿ ಕಟ್ಟಿದ್ದ ಜನರನ್ನು ಬಿಡಿಸೋದು ಮೊದಲ ಕೆಲಸವಾಗಿತ್ತು. ಮಕ್ಕಳ ಭಯ, ಮಕ್ಕಳ ಹೊಟ್ಟೆನೋವು ಹಿಂದೆ ಉಳಿದವು. ಉಳಿದದ್ದು ಉಳಿದೇಬಿಟ್ಟಿತು.

ಒಂಬತ್ತು ವರ್ಷದ ಹುಡುಗ ಯಾರ ಪಟ್ಟಿಯಲ್ಲಿದ್ದಾನೆ?

ಯೋಜನೆಗಳಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಬೇಕಾದಷ್ಟಿವೆ. 2013ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ. ಪಟ್ಟಿಯಲ್ಲಿ ಆಟಿಸಂ ಇದೆ, ಚಡಪಡಿಕೆಯ ಕಾಯಿಲೆ ಇದೆ, ಕಲಿಕೆಯ ತೊಂದರೆ ಇದೆ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. 2014ರ ಜನವರಿಯಲ್ಲಿ ಹದಿಹರೆಯದವರ ಕಾರ್ಯಕ್ರಮ ಬಂತು. ನಮ್ಮ ರಾಜ್ಯದಲ್ಲಿ ಅದರ ಕ್ಲಿನಿಕ್ಕಿಗೆ "ಸ್ನೇಹ ಕ್ಲಿನಿಕ್" ಅಂತ ಹೆಸರು. 10ರಿಂದ 19 ವರ್ಷದವರಿಗೆ. ಅದೇ 2014ರಲ್ಲಿ ರಾಜ್ಯ ಸರ್ಕಾರ "ಮನೋಚೈತನ್ಯ" ಅಂತ ಶುರುಮಾಡಿ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಟು ತಂದಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಬಂತು.

ಈಗ ನಮ್ಮ ಪಿಲ್ಲಗುಂಪೆ ಹುಡುಗನನ್ನು ಈ ಯೋಜನೆಗಳ ನಡುವೆ ನಿಲ್ಲಿಸಿ ನೋಡಿ. ಅವನು ಅಂಗನವಾಡಿ ಬಿಟ್ಟಾಗಿದೆ. ಐದು ವರ್ಷದ ಲಸಿಕೆ ಮುಗಿದಿದೆ, ಹತ್ತು ವರ್ಷದ್ದು ಇನ್ನೂ ಬಂದಿಲ್ಲ. ಸ್ನೇಹ ಕ್ಲಿನಿಕ್ಕಿಗೆ ಒಂದು ವರ್ಷ ಸಾಲದು. ಮಂಗಳವಾರದ ಮನೋವೈದ್ಯರ ಹತ್ತಿರ ಹೋಗಬೇಕು ಅಂತ ತಾಯಿಗೆ ಹೇಳಿದವರಿಲ್ಲ. ಉಳಿದದ್ದು ವರ್ಷಕ್ಕೊಮ್ಮೆ ಶಾಲೆಗೆ ಬರುವ ತಂಡ. ಅವತ್ತು ಸಾಲಾಗಿ ನಿಲ್ಲಿಸಿ ಹಲ್ಲು ನೋಡ್ತಾರೆ, ಕಣ್ಣು ನೋಡ್ತಾರೆ, ತೂಕ ನೋಡ್ತಾರೆ. ಹಿಂದೆ ಮುಂದೆ ಕ್ಲಾಸಿನವರೆಲ್ಲ ನಿಂತಿರುವಾಗ "ಸಾರ್, ನಾನು ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ತೀನಿ" ಅಂತ ಯಾವ ಹುಡುಗ ತಾನೇ ಬಾಯಿ ಬಿಟ್ಟಾನು?

ಐದು ದಾಟಿ ಹತ್ತು ಮುಟ್ಟದ ಮಗು ಹೀಗೆ ಎಲ್ಲ ಕೌಂಟರುಗಳ ನಡುವಿನ ಸಂದಿಯಲ್ಲಿ ಬೀಳುತ್ತೆ. ಒಂದೊಂದು ಯೋಜನೆಗೂ ಒಂದೊಂದು ಬಾಗಿಲು, ಒಂದೊಂದು ರಿಜಿಸ್ಟರು. ಆದರೆ ಆ ಮಗು ಕಾಯಿಲೆ ಬಿದ್ದಾಗ ಹೋಗೋದು ಒಂದೇ ಬಾಗಿಲಿಗೆ: ಹತ್ತಿರದ ಡಾಕ್ಟರು. ಅದೂ ನಮ್ಮ ಕಡೆ ಎಷ್ಟೋ ಜನಕ್ಕೆ ಅದು ಖಾಸಗಿ ಕ್ಲಿನಿಕ್ಕು. ಪಾಳಿ ಮುಗಿಸಿ ಬರುವವರಿಗೆ ಸಾಯಂಕಾಲ ತೆರೆದಿರೋದು ಅದೇ. ಸರ್ಕಾರದ ತರಬೇತಿಗಳು ಆ ಬಾಗಿಲವರೆಗೆ ಬರೋದೇ ಅಪರೂಪ.

ಸರ್ಕಾರಿ ಡಾಕ್ಟರ ಪಾಡೂ ಕೇಳಬೇಕು. ಒಂದು ಸಲ ತರಬೇತಿಗೆ ಹೋಗಿ ಬರ್ತಾರೆ, ಆಮೇಲೆ ವರ್ಗ ಆಗ್ತಾರೆ. ಹೊಸಬರು ಬರ್ತಾರೆ, ಕಥೆ ಮೊದಲಿಂದ. ದೊಡ್ಡಾಸ್ಪತ್ರೆಗೆ ಬರೆದು ಕಳಿಸಿದ ಮಗು ಹೋಯಿತೋ, ಅಲ್ಲಿ ಏನು ಹೇಳಿದರೋ, ಬರೆದು ಕಳಿಸಿದವರಿಗೆ ಗೊತ್ತಾಗೋದಿಲ್ಲ. ಚೀಟಿ ಒಂದು ದಿಕ್ಕಿಗೆ ಮಾತ್ರ ಹೋಗುತ್ತೆ.

ಬೇರೆ ಕಡೆ ಏನು ಮಾಡಿದರು?

ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲೂ ಇದೇ ತಲೆನೋವಿತ್ತು. ಮಕ್ಕಳ ಮನೋವೈದ್ಯರು ಕಡಿಮೆ, ಕಾಯೋ ಸಾಲು ಉದ್ದ. 2004ರಲ್ಲಿ ಅವರು ಒಂದು ಸರಳ ಉಪಾಯ ಮಾಡಿದರು. ರೋಗಿಯನ್ನು ತಜ್ಞರ ಹತ್ತಿರ ಕಳಿಸುವ ಬದಲು ಮಕ್ಕಳ ಡಾಕ್ಟರು ತಾವೇ ಫೋನ್ ಎತ್ತಿ ತಜ್ಞರನ್ನು ಕೇಳೋದು. "ಇಂಥ ಮಗು ಬಂದಿದೆ, ಏನು ಮಾಡಲಿ?" ತಜ್ಞರು ಅವತ್ತೇ ಹೇಳ್ತಾರೆ. ಸಣ್ಣದಾದರೆ ಅಲ್ಲೇ ಮುಗಿಯುತ್ತೆ, ದೊಡ್ಡದಾದರೆ ಮಾತ್ರ ಮಗು ಮುಂದೆ ಹೋಗುತ್ತೆ. ಆ ಪದ್ಧತಿಯನ್ನು ಅಮೆರಿಕದ ಬೇರೆ ರಾಜ್ಯಗಳೂ ತಗೊಂಡವು.

ಶ್ರೀಮಂತ ದೇಶದ ಮಾತು ನಮಗ್ಯಾಕೆ ಅನ್ನಬೇಡಿ. ಇದರಲ್ಲಿ ಶ್ರೀಮಂತಿಕೆ ಎಲ್ಲಿ ಬಂತು? ಒಂದು ಫೋನು, ಅದನ್ನು ಎತ್ತೋಕೆ ಒಬ್ಬ ತಜ್ಞರು. ಟೆಲಿ ಮಾನಸ್‌ಗೆ ದೇಶದ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಸಂಸ್ಥೆ ಇದೆ, ಫೋನ್ ಲೈನ್ ಇದೆ, ಕನ್ನಡ ಬಲ್ಲ ಸಮಾಲೋಚಕರಿದ್ದಾರೆ. ಹೊಸಕೋಟೆಯ ಮಕ್ಕಳ ಡಾಕ್ಟರನ್ನು, ಸರ್ಕಾರಿಯೋ ಖಾಸಗಿಯೋ, ಮಕ್ಕಳ ಮನೋವೈದ್ಯರ ಜೊತೆ ನೇರ ಸೇರಿಸುವ ಗಂಟು ಒಂದು ಬೀಳಬೇಕು.

ಆಗಬೇಕಾದ್ದು ನಾಲ್ಕು

ಒಂದು, ಐದು ವರ್ಷ ದಾಟಿದ ಮಗು ಯಾವ ಕಾಯಿಲೆಗೇ ಬರಲಿ, ತೂಕ ನೋಡುವ ನರ್ಸಮ್ಮನವರು ಎರಡು ಮಾತು ಕೇಳಲಿ. ರಾತ್ರಿ ನಿದ್ದೆ ಹೇಗೆ? ಸ್ಕೂಲಿಗೆ ಹೋಗೋಕೆ ಹೆದರಿಕೆಯಾಗುತ್ತಾ? ಮಗುವನ್ನೂ ಕೇಳಲಿ, ತಾಯಿಯನ್ನೂ ಕೇಳಲಿ. ಚಿಕ್ಕ ಮಕ್ಕಳಿಗಾದರೆ ತಾಯಿ ಕಾರ್ಡಿನಲ್ಲೇ ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಚಿತ್ರ ಸಮೇತ ಇದೆ. ಲಸಿಕೆ ದಿನ ಆ ಪುಟ ತೆರೆದು ನೋಡಿದರೆ ಸಾಕು.

ಎರಡು, ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲೇ ವಾರಕ್ಕೆ ಒಂದೆರಡು ದಿನ ಒಬ್ಬ ಸಮಾಲೋಚಕರು ಕೂರಲಿ. ಪಕ್ಕದ ಕಟ್ಟಡದಲ್ಲಿ ಬೇರೆ ಬೋರ್ಡ್ ಹಾಕಿಕೊಂಡಲ್ಲ, ಅದೇ ವರಾಂಡದಲ್ಲಿ, ಅದೇ ಒ.ಪಿ.ಡಿ. ಚೀಟಿಯಲ್ಲಿ. ಬೋರ್ಡ್ ಬೇರೆಯಾದರೆ ಜನ ಅತ್ತ ತಲೆ ಹಾಕೋದಿಲ್ಲ.

ಮೂರು, ಮೇಲೆ ಹೇಳಿದ ಫೋನಿನ ಏರ್ಪಾಟು, ಖಾಸಗಿ ಡಾಕ್ಟರನ್ನೂ ಸೇರಿಸಿ.

ನಾಲ್ಕು, ಚೀಟಿ ವಾಪಸ್ ಬರಬೇಕು. ಕಳಿಸಿದ ಮಗುವಿಗೆ ಏನಾಯ್ತು ಅಂತ ಒಂದು ತಿಂಗಳಲ್ಲಿ ಆಶಾ ಕಾರ್ಯಕರ್ತೆ ವಿಚಾರಿಸಿ ಬರಲಿ. ಅದಕ್ಕೆ ಆಕೆಗೆ ಕಾಸೂ ಸೇರಿಸಿ ಕೊಡಲಿ. ಇರುವ ಸಂಬಳಕ್ಕೇ ಬೀದಿಯಲ್ಲಿ ಧರಣಿ ಕೂರುವ ಹೆಣ್ಣುಮಕ್ಕಳ ತಲೆ ಮೇಲೆ ಬಿಟ್ಟಿ ಕೆಲಸ ಹೊರಿಸೋದು ಬೇಡ.

ಡಾಕ್ಟರುಗಳ ಆಕ್ಷೇಪಣೆ ಗೊತ್ತಿದೆ. "ಜ್ವರದ ಸಾಲೇ ಮುಗಿಯಲ್ಲ, ಇದೆಲ್ಲ ಯಾವಾಗ ಕೇಳೋದು?" ನ್ಯಾಯವಾದ ಮಾತು. ಆದರೆ ಆ ಸಾಲಿನಲ್ಲಿ ಅದೇ ಹೊಟ್ಟೆನೋವಿಗೆ ಮೂರನೇ ಸಲ ಬಂದ ಮಗು ಇದೆ. ಮೊದಲ ಸಲವೇ ಐದು ನಿಮಿಷ ಕೊಟ್ಟಿದ್ದರೆ ಸಾಲು ಅಷ್ಟು ಮೊಟಕಾಗುತ್ತಿತ್ತು. ಇನ್ನೊಂದು ಭಯವೂ ಇದೆ. ತುಂಟ ಮಕ್ಕಳಿಗೆಲ್ಲ ಕಾಯಿಲೆ ಅಂತ ಹೆಸರಿಟ್ಟು ಮಾತ್ರೆ ನುಂಗಿಸಿಯಾರು ಅಂತ. ಅದಕ್ಕೇ ಹೇಳೋದು, ಮಾತ್ರೆಗೆ ಮೊದಲು ಮಾತು ಇರಲಿ ಅಂತ. ಇಂಥ ಸಣ್ಣ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಬೇಕಾದ್ದು ಮಾತ್ರೆಯಲ್ಲ, ಮನೆಯವರಿಗೆ ತಿಳಿವಳಿಕೆ.

ನನ್ನದೇ ಒಂದು ಮಾತು ಹೇಳಿಬಿಡ್ತೀನಿ. ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಪರೀಕ್ಷೆ ಹತ್ತಿರ ಬಂದರೆ ಹೊಟ್ಟೆ ಹಿಂಡುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಮೂರು ಡಾಕ್ಟರು ನೋಡಿದರು. ಗ್ಯಾಸ್ಟ್ರಿಕ್ ಅಂದರು, ಇಂಜೆಕ್ಷನ್ ಕೊಟ್ಟರು, ಟಾನಿಕ್ಕು ಬರೆದರು. "ಏನಪ್ಪಾ, ಕಾಲೇಜು ಹೇಗಿದೆ?" ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾನು ಇವತ್ತು ದೊಡ್ಡ ಸಾಹೇಬನಾಗಿರುತ್ತಿದ್ದೆ ಅಂತಲ್ಲ. ಪರೀಕ್ಷೆ ಹಾಲ್ ಒಳಗೆ ಹೋಗಿ ಕೂತಾದರೂ ಇರುತ್ತಿದ್ದೆ.

ಕೊನೆಗೆ ಗೊತ್ತಾಗಿದ್ದು

ಪಿಲ್ಲಗುಂಪೆ ಹುಡುಗನ ವಿಷಯಕ್ಕೆ ಬರೋಣ. ತಾಯಿ ಇನ್ನೊಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ನರ್ಸಮ್ಮ ತೂಕ ನೋಡ್ತಾ ಸುಮ್ಮನೆ ಕೇಳಿದರಂತೆ, "ಸ್ಕೂಲಲ್ಲಿ ಒಂದಕ್ಕೆ ಹೋಗ್ತೀಯೇನೋ ಮರಿ?" ಹುಡುಗ ತಲೆ ತಗ್ಗಿಸಿ ಇಲ್ಲ ಅಂದ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ದೊಡ್ಡ ಹುಡುಗರು ಬಾಗಿಲು ತಳ್ಳಿ ನಗ್ತಾರೆ. ಮೂರು ತಿಂಗಳಿಂದ ಇವನು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನೀರು ಕುಡಿಯದೆ, ಒಂದಕ್ಕೆ ಹೋಗದೆ ಕಟ್ಟಿಕೊಂಡು ಕೂರ್ತಿದ್ದ. ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಸಿಕ್ಕಿತು. ಸೋಂಕಿಗೆ ಔಷಧಿ ಕೊಟ್ಟರು, ಅಪ್ಪನನ್ನು ಕೂರಿಸಿಕೊಂಡು ಹೊಡೀಬೇಡಿ ಅಂತ ಬುದ್ಧಿ ಹೇಳಿದರು, ಸ್ಕೂಲಿಗೆ ಹೋಗಿ ಮಾತಾಡಿ ಅಂತ ತಾಯಿಗೆ ಹೇಳಿದರು.

ಎಲ್ಲ ಮಕ್ಕಳ ಕಥೆಯೂ ಇಷ್ಟು ಸುಲಭಕ್ಕೆ ಬಗೆಹರಿಯೋದಿಲ್ಲ. ಕೆಲವರಿಗೆ ನಿಮ್ಹಾನ್ಸೇ ಬೇಕು, ಹೋಗಲೇಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಯಾರು ಹೋಗಬೇಕು, ಯಾರಿಗೆ ಇಲ್ಲೇ ಮುಗಿಯುತ್ತೆ ಅಂತ ವಿಂಗಡಿಸೋರು ಊರಲ್ಲೇ ಇರಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳೂ ತಾಲ್ಲೂಕಿನ ಜನಪ್ರತಿನಿಧಿಗಳೂ ಈ ಮಾತಿಗೆ ಉತ್ತರ ಹೇಳಬೇಕು. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಇರುವ ಮಕ್ಕಳ ಕೊಠಡಿಗೆ ಒಂದು ಕುರ್ಚಿ, ಒಬ್ಬ ಮನುಷ್ಯ, ಒಂದು ಫೋನು ಸಾಕು.

ಅಲ್ಲಿಯವರೆಗೆ ಓದುಗರು ಈ ನಂಬರುಗಳನ್ನು ಅಂಗಡಿ ಗೋಡೆಗೆ ಬರೆದಿಟ್ಟುಕೊಳ್ಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಮಗುವಿಗೆ ಯಾರಾದರೂ ಹಿಂಸೆ ಕೊಡ್ತಿದ್ದಾರೆ ಅಂದರೆ 1098.

ಆ ತಾಯಿಯ ಪ್ರಶ್ನೆಗೆ ಉತ್ತರ: ಇಲ್ಲಮ್ಮ, ನಿಮ್ಮ ಮಗನಿಗೆ ಹುಚ್ಚು ಹಿಡಿದಿಲ್ಲ. ಸ್ಕೂಲಿನ ಆ ಬಾಗಿಲಿಗೆ ಒಂದು ಚಿಲಕ ಬೇಕಿತ್ತು. ಅದರ ಬೆಲೆ ಎಷ್ಟು ಅಂತ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದರೆ ಹೇಳ್ತಾರೆ.